ಒಂದೇ ಮನೆಯ ಎರಡು ಗಣಕಗಳು

ಮನೆಯ ಪಡಸಾಲೆಯಲ್ಲಿ ತಂತಿಯ ಮೂಲಕ ಜಾಲಕ್ಕೆ ಸೇರಿದ ಗಣಕಯಂತ್ರವೊಂದಿದೆ. ಮಹಡಿಯ ಕೋಣೆಯಲ್ಲಿ ತಂತಿಯ ಹಂಗಿಲ್ಲದೆ ವೈ-ಫೈ ಮೂಲಕ ಕೆಲಸ ಮಾಡುವ ಲ್ಯಾಪ್‌ಟಾಪ್ ಇದೆ. ಸಾವಿರಾರು ಮೈಲಿ ದೂರದ ವಿಶ್ವವಿದ್ಯಾನಿಲಯವೊಂದರ ಪುಟ ಎರಡರಲ್ಲಿಯೂ ಕ್ಷಣಮಾತ್ರದಲ್ಲಿ ಮೂಡುತ್ತದೆ. ಆದರೆ ಪಡಸಾಲೆಯ ಗಣಕದಲ್ಲಿರುವ ಒಂದು ಕಡತವನ್ನು ಮಹಡಿಯಿಂದ ತೆರೆಯಹೊರಟರೆ, ಅಂಥ ಗಣಕವೇ ಇಲ್ಲವೆಂಬ ಉತ್ತರ ಬರುತ್ತದೆ! ಕೆಲವು ತಿಂಗಳ ಹಿಂದೆ ನಮ್ಮ ಮನೆಯಲ್ಲಿಯೇ ಈ ಪ್ರಸಂಗ ಒದಗಿತು. ಮರುದಿನ ತರಗತಿಗೆ ಒಯ್ಯಬೇಕಾಗಿದ್ದ ಪ್ರಯೋಗದ ಕೋಷ್ಟಕಗಳು ಕೆಳಗಿನ ಗಣಕದಲ್ಲಿದ್ದುವು. ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಮೆಟ್ಟಲು ಹತ್ತಿದ್ದರೆ ಆ ರಾತ್ರಿಯ ಕೆಲಸವೇನೋ ಮುಗಿಯುತ್ತಿತ್ತು. ಆದರೆ ಕಾರಣ ತಿಳಿಯದೆ ಬಿಟ್ಟ ದೋಷ ಮತ್ತೆ ಕಾಡುವುದು ತಪ್ಪುವುದಿಲ್ಲ.

ಆತುರದಲ್ಲಿ ನಾವು ಮೊದಲು ಮಾಡಿದ ಕೆಲಸವೆಂದರೆ, ಎರಡು ಗಣಕಗಳ ಕಾವಲುಗಾರನಾದ ಫೈರ್‌ವಾಲ್ ಎಂಬ ವ್ಯವಸ್ಥೆಯನ್ನು ನಿಲ್ಲಿಸಿಬಿಟ್ಟದ್ದು. ಅದರಿಂದ ಯಾವ ಫಲವೂ ಆಗಲಿಲ್ಲ. ಈ ತಪ್ಪಿನ ವಿಚಾರ ಮುಂದೆ ಬರುತ್ತದೆ. ಕೊನೆಗೆ, ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ನಾವೇ ಹೇಳಿಕೊಡುವ ಕ್ರಮವನ್ನು ಹಿಡಿದೆವು. ದೋಷ ಎಲ್ಲೆಲ್ಲಿ ಇರಬಹುದೆಂದು ಪಟ್ಟಿಮಾಡಿ, ಎಲ್ಲಿ ಇಲ್ಲವೆಂಬುದನ್ನು ಒಂದೊಂದಾಗಿ ಸಿದ್ಧಪಡಿಸುತ್ತ ಹೋಗುವುದೇ ಆ ಕ್ರಮ.

ಇಂಥ ಸಂದರ್ಭದಲ್ಲಿ ಎಲ್ಲರ ಸಂಶಯವೂ ಮೊದಲು ಹೋಗುವುದು ಗಾಳಿಯಲ್ಲಿ ಸಾಗುವ ಅಲೆಗಳ ಮೇಲೆ. ವೈ-ಫೈ ಬಳಸುವ ವಿದ್ಯುತ್ಕಾಂತ ತರಂಗಗಳಲ್ಲಿ ಒಂದು ಬಗೆಯವು ಸೆಕೆಂಡಿಗೆ ಸುಮಾರು 240 ಕೋಟಿ ಸಲ ಕಂಪಿಸುತ್ತವೆ. ಅವುಗಳ ಉದ್ದ ಸುಮಾರು 12 ಸೆಂಟಿಮೀಟರ್. ಗೋಡೆ ಮತ್ತು ಕಾಂಕ್ರೀಟು ಅವುಗಳನ್ನು ಕುಗ್ಗಿಸುತ್ತವೆ ಎಂಬುದು ನಿಜ. ಆದರೆ ಅದೇ ಅಲೆಗಳ ಮೂಲಕ ಅಂತರಜಾಲ ಸರಾಗವಾಗಿ ಬರುತ್ತಿದೆಯಲ್ಲ! ಹಾಗಿದ್ದರೆ ಲ್ಯಾಪ್‌ಟಾಪಿನಿಂದ ರೌಟರಿನವರೆಗಿನ ದಾರಿಯಲ್ಲಿ ದೋಷವಿಲ್ಲ. ಇದೇ ತರ್ಕದಿಂದ ಕೆಳಗಿನ ತಂತಿಯೂ ನಿರ್ದೋಷಿ. ಒಂದು ಉಪಕರಣವನ್ನೂ ಮುಟ್ಟದೆ ನಮ್ಮ ಸಂಶಯದ ಕ್ಷೇತ್ರ ಅರ್ಧಕ್ಕೆ ಇಳಿಯಿತು.

ತಂತಿಯ ಜಾಲ ಬೇರೆ, ನಿಸ್ತಂತು ಜಾಲ ಬೇರೆ. ಆದುದರಿಂದಲೇ ಒಂದು ಮತ್ತೊಂದನ್ನು ಕಾಣದು ಎನ್ನೋಣವೇ? ಅದೂ ಸರಿಯಲ್ಲ. ಈಥರ್‌ನೆಟ್ ಎಂಬ ತಂತಿಜಾಲದ ಪದ್ಧತಿ 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್ಕಾಫ್ ಮತ್ತು ಡೇವಿಡ್ ಬಾಗ್ಸ್ ಅವರ ಕೈಯಲ್ಲಿ ರೂಪುಗೊಂಡಿತು. ವೈ-ಫೈಗೆ ಆಧಾರವಾದ ನಿಯಮಗಳು ಮೊದಲು ಪ್ರಕಟವಾದುದು 1997ರಲ್ಲಿ. ಎರಡೂ ಪದ್ಧತಿಗಳು ಯಂತ್ರಗಳನ್ನು ಗುರುತಿಸಲು 48 ಬಿಟ್ಟುಗಳ ಒಂದೇ ಬಗೆಯ ಸಂಖ್ಯೆಯನ್ನು ಬಳಸುತ್ತವೆ. ಆದಕಾರಣ ಒಂದೇ ರೌಟರಿಗೆ ಸೇರಿದ ಗಣಕಗಳಿಗೆ, ತಂತಿಯೇ ಇರಲಿ ಅಲೆಯೇ ಇರಲಿ, ಸಾಮಾನ್ಯವಾಗಿ ಯಾವ ಭೇದವೂ ಇಲ್ಲ. ಲ್ಯಾಪ್‌ಟಾಪು ಅತಿಥಿಗಳಿಗೆಂದು ಮೀಸಲಾದ ‘ಗೆಸ್ಟ್’ ವೈ-ಫೈಗೆ ಸೇರಿದ್ದರೆ ಮಾತು ಬೇರೆ. ಅತಿಥಿಯನ್ನು ಮನೆಯ ಇತರ ಯಂತ್ರಗಳಿಂದ ದೂರವಿಡುವುದೇ ಅದರ ಉದ್ದೇಶ. ನಮ್ಮ ಲ್ಯಾಪ್‌ಟಾಪು ಹಾಗೆ ಸೇರಿರಲಿಲ್ಲ.

ಇನ್ನುಳಿದುದು ವಿಳಾಸ. ವಿಂಡೋಸ್ ಗಣಕದ ಆದೇಶದ ಕಿಟಕಿಯಲ್ಲಿ ‘ಐಪಿಕಾನ್ಫಿಗ್’ ಎಂಬ ಆದೇಶ ಕೊಟ್ಟರೆ ಅದರ ಐಪಿ ವಿಳಾಸ ತೋರುತ್ತದೆ. ಪಡಸಾಲೆಯ ಗಣಕದ ವಿಳಾಸ 192.168.1.5, ಮಹಡಿಯ ಲ್ಯಾಪ್‌ಟಾಪಿನದು 192.168.0.7. ಗುಟ್ಟು ಇಲ್ಲಿಯೇ ಇದ್ದಿತು! ಜೊತೆಯಲ್ಲಿ ಕಾಣುವ 255.255.255.0 ಎಂಬ ಸಂಖ್ಯೆಯ ಅರ್ಥವೇನೆಂದರೆ, ವಿಳಾಸದ ಮೊದಲ ಮೂರು ಭಾಗ ಬೀದಿಯ ಹೆಸರು, ಕೊನೆಯ ಭಾಗ ಮನೆಯ ಸಂಖ್ಯೆ. ಒಂದೇ ಸೂರಿನ ಕೆಳಗಿದ್ದರೂ ನಮ್ಮ ಗಣಕಗಳು ಎರಡು ಬೇರೆ ಬೀದಿಗಳಲ್ಲಿ ವಾಸಿಸುತ್ತಿದ್ದುವು. (ವಿಳಾಸ 169.254 ಎಂದು ಮೊದಲಾಗಿದ್ದರೆ, ಆ ಗಣಕಕ್ಕೆ ವಿಳಾಸ ಹಂಚುವವರು ಯಾರೂ ಸಿಗದೆ ಅದು ತಾನೇ ಒಂದನ್ನು ಇಟ್ಟುಕೊಂಡಿದೆ ಎಂದು ತಿಳಿಯಬೇಕು.)

ಇದು ಹೇಗಾಯಿತು? ಅಂತರಜಾಲದ ಸೌಲಭ್ಯ ಕೊಡುವವರು ಪಡಸಾಲೆಯಲ್ಲಿ ಕೂರಿಸಿದ ಪೆಟ್ಟಿಗೆಯೇ ಒಂದು ರೌಟರ್. ಮಹಡಿಗೆ ವೈ-ಫೈ ಎಟುಕದೆಂದು ನಾವು ಮತ್ತೊಂದು ರೌಟರನ್ನು ಕೊಂಡು ಅದಕ್ಕೆ ಜೋಡಿಸಿದ್ದೆವು. ರೌಟರ್ ಎಂಬುದು ಊರಬಾಗಿಲ ಕಾವಲುಗಾರನಿದ್ದಂತೆ. ಒಳಗಿನವರು ಹೊರಗೆ ಹೋಗುವಾಗ ಗುರುತಿಟ್ಟುಕೊಂಡು, ಅವರಿಗೆ ಬಂದ ಮರುತ್ತರವನ್ನು ಒಳಗೆ ಬಿಡುತ್ತಾನೆ; ತಾನಾಗಿ ಬಂದ ಅಪರಿಚಿತನನ್ನು ಬಿಡುವುದಿಲ್ಲ. ಇನ್ನು ಗಣಕಗಳು ಒಂದರ ಹೆಸರನ್ನು ಮತ್ತೊಂದಕ್ಕೆ ತಿಳಿಸುವುದು ಡಂಗುರ ಸಾರಿದ ಹಾಗೆ. ಒಂದೂರಿನ ಡಂಗುರ ಮುಂದಿನೂರಿಗೆ ಕೇಳಿಸದು. ಪಡಸಾಲೆಯ ಗಣಕದ ಹೆಸರು ಮಹಡಿಯ ಪಟ್ಟಿಯಲ್ಲಿ ಕಾಣದೆ ಹೋದದ್ದು ಇದರಿಂದಲೇ.

ಊಹೆಯನ್ನು ಪ್ರಯೋಗದಿಂದ ಪರೀಕ್ಷಿಸಬೇಕಷ್ಟೆ. ಅದಕ್ಕೆ ‘ಪಿಂಗ್’ ಎಂಬ ಪುಟ್ಟ ಸಾಧನವಿದೆ. 1983ರಲ್ಲಿ ಅಮೆರಿಕದ ಮೈಕ್ ಮ್ಯೂಸ್ ಇದನ್ನು ರಚಿಸಿ, ಸಮುದ್ರದಲ್ಲಿ ಧ್ವನಿಯ ಮಾರ್ದನಿಯಿಂದ ವಸ್ತುಗಳನ್ನು ಪತ್ತೆಮಾಡುವ ಸೋನಾರಿನ ಸದ್ದಿನ ಹೆಸರನ್ನೇ ಇಟ್ಟರು. ಮಹಡಿಯಿಂದ ಪಡಸಾಲೆಯ ವಿಳಾಸವನ್ನು ಕೂಗಿದೆವು, ಮಾರ್ದನಿ ಬಂದಿತು. ಪಡಸಾಲೆಯಿಂದ ಮಹಡಿಯ ವಿಳಾಸವನ್ನು ಕೂಗಿದೆವು, ಮೌನ. ಆ ಬೀದಿಯನ್ನರಿಯದ ಕೆಳಗಿನ ರೌಟರ್ ನಮ್ಮ ಕೂಗನ್ನು ಮಹಡಿಗೆ ಕಳುಹಿಸುವ ಬದಲು ಮನೆಯಿಂದ ಹೊರಕ್ಕೆ ಅಟ್ಟಿತ್ತು! ಒಂದು ಎಚ್ಚರಿಕೆ: ಫೈರ್‌ವಾಲ್ ಕೂಡ ಪಿಂಗ್‌ಗೆ ಉತ್ತರಿಸದಂತೆ ತಡೆಯಬಲ್ಲುದು. ಆದುದರಿಂದ ಮಾರ್ದನಿ ಬಂದರೆ ದಾರಿಯಿದೆಯೆಂದು ಹೇಳಬಹುದೇ ಹೊರತು, ಮೌನದಿಂದಲೇ ದಾರಿಯಿಲ್ಲವೆಂದು ತೀರ್ಮಾನಿಸಲಾಗದು.

ಪರಿಹಾರ ಸುಲಭವಾಗಿತ್ತು. ಮಹಡಿಯ ರೌಟರನ್ನು ‘ಆಕ್ಸೆಸ್ ಪಾಯಿಂಟ್’ ಆಗಿ ಕೆಲಸಮಾಡುವಂತೆ ಬದಲಿಸಿದೆವು. ಆಗ ಅದು ವಿಳಾಸ ಹಂಚುವುದನ್ನೂ ಕಾವಲು ಕಾಯುವುದನ್ನೂ ಬಿಟ್ಟು, ತಂತಿಯ ಮಾತನ್ನು ಅಲೆಗೂ ಅಲೆಯ ಮಾತನ್ನು ತಂತಿಗೂ ದಾಟಿಸುವ ಸೇತುವೆಯಾಗುತ್ತದೆ. ಲ್ಯಾಪ್‌ಟಾಪು ಹೊಸದಾಗಿ 192.168.1.9 ಎಂಬ ವಿಳಾಸ ಪಡೆಯಿತು. ಬೀದಿ ಒಂದಾಯಿತು.

ದಾರಿ ತೆರೆದರೂ ಕಡತ ಕೈಗೆ ಬರಬೇಕಾದರೆ ಅನುಮತಿ ಬೇಕು. ವಿಂಡೋಸಿನಲ್ಲಿ ಹಂಚಿಕೆಗೆ ಒಂದು ಅನುಮತಿ, ಡಿಸ್ಕಿನ ಫೋಲ್ಡರಿಗೆ ಮತ್ತೊಂದು. ಎರಡರಲ್ಲಿ ಯಾವುದು ಹೆಚ್ಚು ಕಟ್ಟುನಿಟ್ಟೋ ಅದೇ ನಡೆಯುತ್ತದೆ. ಗಣಕವನ್ನು ತೆರೆಯಲು ನಾವು ಒತ್ತುವ ಕಿರುಸಂಖ್ಯೆಯಾದ ‘ಪಿನ್’ ಇಲ್ಲಿ ನಡೆಯದು. ಖಾತೆಯ ನಿಜವಾದ ಪಾಸ್‌ವರ್ಡನ್ನೇ ಕೊಡಬೇಕು. ಅನೇಕರು ಈ ಕೊನೆಯ ಮೆಟ್ಟಲಿನಲ್ಲಿಯೇ ಎಡವುತ್ತಾರೆ.

ಇನ್ನು ಮೊದಲೇ ಹೇಳಿದ ತಪ್ಪಿನ ವಿಚಾರ. ಕೆಲಸ ಕೈಗೂಡಿದ ಸಂತೋಷದಲ್ಲಿ ನಾವು ಫೈರ್‌ವಾಲನ್ನು ಮತ್ತೆ ಚಾಲೂ ಮಾಡುವುದನ್ನು ಮರೆತೆವು. ಒಂದು ವಾರದ ಮೇಲೆ ಅದು ಕಣ್ಣಿಗೆ ಬಿದ್ದಾಗ ನೆನಪಾದುದು 2017ರ ಮೇ ತಿಂಗಳಿನ ಘಟನೆ. ವನ್ನಾಕ್ರೈ ಎಂಬ ದುಷ್ಟ ಕ್ರಮವಿಧಿ ಆಗ ಗಣಕದಿಂದ ಗಣಕಕ್ಕೆ ತಾನೇ ಹರಡಿ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಇಂಗ್ಲೆಂಡಿನ ಅನೇಕ ಆಸ್ಪತ್ರೆಗಳು ರೋಗಿಗಳ ಚಿಕಿತ್ಸೆಯನ್ನು ಮುಂದೂಡಬೇಕಾಯಿತು. ಅದು ನುಸುಳಿದ ಕಿಂಡಿ ಯಾವುದು? ವಿಂಡೋಸ್ ಗಣಕಗಳು ಕಡತಗಳನ್ನು ಹಂಚಿಕೊಳ್ಳಲು ಬಳಸುವ ಎಸ್‌ಎಂಬಿ ಎಂಬ ಪದ್ಧತಿಯ ಹಳೆಯ ಮೊದಲ ಆವೃತ್ತಿಯಲ್ಲಿದ್ದ ದೋಷ. ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚಿಯಲ್ಲಿಯೇ ತೇಪೆಯನ್ನು ಒದಗಿಸಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಆದುದರಿಂದ ಹಂಚಿಕೆ ನಡೆಯದಿದ್ದರೆ ಫೈರ್‌ವಾಲನ್ನೇ ಕಿತ್ತುಹಾಕುವುದಾಗಲಿ, ಆ ಹಳೆಯ ಆವೃತ್ತಿಯನ್ನು ಮತ್ತೆ ಎಬ್ಬಿಸುವುದಾಗಲಿ ಸಲ್ಲದು. ಮನೆಯ ಜಾಲವನ್ನು ‘ಪ್ರೈವೇಟ್’ ಎಂದು ಗುರುತಿಸಿ, ಕಡತಗಳ ಹಂಚಿಕೆಗೆ ಮಾತ್ರ ಅನುಮತಿ ಕೊಟ್ಟರೆ ಸಾಕು.

ಒಮ್ಮೆಗೆ ಒಂದನ್ನೇ ಬದಲಿಸುವುದು, ಬದಲಿಸಿದುದನ್ನು ಬರೆದಿಟ್ಟುಕೊಳ್ಳುವುದು, ಫಲ ಕಾಣದಿದ್ದರೆ ಮೊದಲಿದ್ದಂತೆಯೇ ಇಡುವುದು: ಪ್ರಯೋಗಶಾಲೆಯಲ್ಲಿ ಕಲಿತ ಈ ಮೂರು ಮಾತುಗಳು ಮನೆಯಲ್ಲಿಯೂ ನಡೆಯುತ್ತವೆ. ಆ ರಾತ್ರಿ ಇವುಗಳಲ್ಲಿ ಮೂರನೆಯದನ್ನು ನಾವು ಮರೆತಿದ್ದೆವು. ವಾಚಕರು ಮರೆಯದಿರಲಿ.