ಕಲ್ಲಿನಲ್ಲಿ ಉಳಿದ ರೆಕ್ಕೆಗಳು

ಚಳಿಗಾಲ ಕಳೆದು ಗಾಳಿ ಎದ್ದ ದಿನಗಳಲ್ಲಿ ಹೊನ್ನೆಯ ಮರದ ಕೆಳಗೆ ನಿಂತರೆ, ನಾಣ್ಯದಂತೆ ದುಂಡಗಿರುವ ಕಾಯಿಗಳು ತೇಲುತ್ತ ಬೀಳುವುದನ್ನು ಕಾಣುತ್ತೇವೆ. ನಡುವೆ ಬೀಜ, ಸುತ್ತಲೂ ಕಾಗದದಷ್ಟು ತೆಳುವಾದ ಅಂಚು. ಮತ್ತಿಯ ಕಾಯಿಗೆ ಐದು ರೆಕ್ಕೆಗಳು. ಒಣಗಿದ ನುಗ್ಗೆಕಾಯಿಯನ್ನು ಸೀಳಿದರೆ ಒಳಗಿನ ಒಂದೊಂದು ಬೀಜಕ್ಕೂ ಮೂರು ರೆಕ್ಕೆಗಳು. ನಿಂತಲ್ಲಿಯೇ ನಿಂತಿರುವ ಮರವು ತನ್ನ ಸಂತತಿಯನ್ನು ತನ್ನ ನೆರಳಿನಿಂದಾಚೆಗೆ ಕಳುಹಿಸಲು ಹೂಡಿದ ಉಪಾಯವಿದು.

ಈ ಉಪಾಯ ಎಷ್ಟು ಹಳೆಯದು? ಚೀನ ದೇಶದ ಆನ್ಹ್ವೇ ಪ್ರಾಂತದ ಶಿಲೆಗಳಲ್ಲಿ ದೊರೆತು, 2024ರಲ್ಲಿ ವಿವರಿಸಲ್ಪಟ್ಟ ಅಲಸೆಮೇನಿಯ ಎಂಬ ಬೀಜಕ್ಕೆ ಮೂರು ರೆಕ್ಕೆಗಳಿವೆ. ಅದರ ವಯಸ್ಸು ಸುಮಾರು 36.5 ಕೋಟಿ ವರ್ಷ! ಆಗ ಭೂಮಿಯ ಮೇಲೆ ಹೂವೆಂಬುದೇ ಇರಲಿಲ್ಲ; ಹೂವಿಲ್ಲದ ಮೇಲೆ ಕಾಯಿಯೆಲ್ಲಿಯದು? ರೆಕ್ಕೆಯ ಕಾಯಿಗಿಂತ ರೆಕ್ಕೆಯ ಬೀಜವೇ ಹಿರಿಯದೆಂದಾಯಿತು.

ಇನ್ನೊಂದು ಸಾಕ್ಷ್ಯ ಇದಕ್ಕಿಂತಲೂ ಸ್ವಾರಸ್ಯವಾದುದು. ಅಮೆರಿಕದ ಟೆಕ್ಸಾಸ್ ಸೀಮೆಯಲ್ಲಿ ಸುಮಾರು 27 ಕೋಟಿ ವರ್ಷಗಳಷ್ಟು ಹಿಂದಿನ ಮಾನಿಫೆರ ಎಂಬ ಶಂಕುಧಾರಿ ವೃಕ್ಷದ ಬೀಜಗಳು ಸಿಕ್ಕಿವೆ. ಒಂದೇ ಪ್ರಭೇದದ ಬೀಜಗಳಲ್ಲಿ ಕೆಲವಕ್ಕೆ ಎರಡು ಸರಿಸಮ ರೆಕ್ಕೆಗಳು, ಕೆಲವಕ್ಕೆ ಒಂದೇ ರೆಕ್ಕೆ, ಮತ್ತೆ ಕೆಲವು ಇವೆರಡರ ನಡುವಿನವು. ಬರ್ಕ್ಲಿಯ ವಿದ್ವಾಂಸರು ಇವುಗಳ ಮಾದರಿಗಳನ್ನು ತಯಾರಿಸಿ ಮೇಲಿನಿಂದ ಬಿಟ್ಟು ನೋಡಿದರು. ಒಂಟಿರೆಕ್ಕೆಯದು ಗಿರಗಿರನೆ ತಿರುಗುತ್ತ ಹೆಚ್ಚು ಹೊತ್ತು ಗಾಳಿಯಲ್ಲಿ ಉಳಿಯಿತು. ಜೋಡಿರೆಕ್ಕೆಯದು ಬೇಗನೆ ನೆಲ ಕಂಡಿತು. ಇಂದಿನ ಪೈನ್ ಮರಗಳ ಬೀಜಕ್ಕಿರುವುದು ಒಂದೇ ರೆಕ್ಕೆಯೆಂಬುದನ್ನು ವಾಚಕರು ಇಲ್ಲಿ ನೆನೆಯಬಹುದು. ನಿಸರ್ಗದ ಆಯ್ಕೆಯು ಕೈಯಾಡಿಸುವ ಮೊದಲು ಅದರ ಮುಂದಿದ್ದ ಸರಕನ್ನೇ ನಾವು ನೋಡಿದಂತಾಯಿತು. ಇಂತಹ ಅವಕಾಶ ಪಳೆಯುಳಿಕೆಗಳಲ್ಲಿ ಅಪರೂಪ.

ಆದರೆ ರೆಕ್ಕೆ ಮೋಸವನ್ನೂ ಮಾಡಬಲ್ಲದು. ಹೊನ್ನೆಯಲ್ಲಿ ರೆಕ್ಕೆಯಾಗಿರುವುದು ಕಾಯಿಯ ಸಿಪ್ಪೆ; ಸಾಲವೃಕ್ಷದಲ್ಲಿ ಹೂವಿನ ಪುಷ್ಪಪತ್ರಗಳೇ ಬೆಳೆದು ರೆಕ್ಕೆಗಳಾಗುತ್ತವೆ; ನುಗ್ಗೆಯಲ್ಲಿ ಬೀಜದ ಹೊದಿಕೆ. ಕೆಲಸ ಒಂದೇ, ಹುಟ್ಟು ಬೇರೆ. ನಂಟು ಇಲ್ಲದ ಕುಲಗಳು ಬೇರೆಬೇರೆ ದಾರಿಯಿಂದ ಒಂದೇ ರೂಪವನ್ನು ಮುಟ್ಟಿವೆ. ಆದುದರಿಂದ ಕಲ್ಲಿನ ಮೇಲಿನ ಅಚ್ಚನ್ನು ನೋಡಿದೊಡನೆ ಹೆಸರಿಡುವುದು ಅವಸರದ ಕೆಲಸ. ಬೀಜ ಎಲ್ಲಿದೆ, ನರಗಳು ಹೇಗೆ ಕವಲೊಡೆದಿವೆ, ತೊಟ್ಟು ಎಲ್ಲಿ ಅಂಟಿತ್ತು, ಇವನ್ನೆಲ್ಲ ಶಾಸ್ತ್ರಜ್ಞನು ಒರೆಹಚ್ಚಬೇಕು. ಇಲ್ಲಿ ತಪ್ಪಿದರೆ ಒಂದು ಕುಲದ ಚರಿತ್ರೆಯೇ ತಲೆಕೆಳಗಾಗುತ್ತದೆ.

ಹಾಗೆ ಒರೆಗೆ ನಿಂತ ಕಾಯಿಗಳಲ್ಲಿ ಅಯ್ಲಾಂಥಸ್ ಕುಲದ್ದೂ ಒಂದು. ಈ ಕುಲ ನಮಗೆ ಹೊಸದಲ್ಲ. ಊದುಬತ್ತಿಗೆ ಬೇಕಾದ ಹಾಲುಮಡ್ಡಿಯನ್ನು ಕೊಡುವ ನಮ್ಮ ಮಲೆನಾಡಿನ ಮರ ಇದೇ ಕುಲದ್ದು. ಉದ್ದನೆಯ, ತುಸು ತಿರುಚಿದ ರೆಕ್ಕೆ. ಅದರ ನಟ್ಟನಡುವೆ ಬೀಜ. ಇಂದು ಈ ಕುಲ ತಾನಾಗಿ ಬೆಳೆಯುವುದು ಏಷ್ಯ ಮತ್ತು ಆಸ್ಟ್ರೇಲಿಯಗಳಲ್ಲಿ ಮಾತ್ರ. ಆದರೆ ಅದರ ಕಾಯಿಗಳ ಅಚ್ಚುಗಳು ಜರ್ಮನಿಯ ಮೆಸ್ಸೆಲ್ ಗಣಿಯಲ್ಲಿ, 4.7 ಕೋಟಿ ವರ್ಷಗಳಷ್ಟು ಹಳೆಯ ಪದರಗಳಲ್ಲಿ ಇವೆ. ಅದಕ್ಕೂ ಹಳೆಯವು ಅಮೆರಿಕದ ಗ್ರೀನ್ ರಿವರ್ ಶಿಲೆಗಳಲ್ಲಿ, ಹಿಂದೊಮ್ಮೆ ಸರೋವರದ ತಳವಾಗಿದ್ದ ಕೆಸರಿನಲ್ಲಿ, ಮೀನುಗಳ ಜೊತೆಯಲ್ಲಿ ಮಲಗಿವೆ. ಆ ಕಾಲದಲ್ಲಿ ಭೂಮಿ ಇಂದಿಗಿಂತ ಬೆಚ್ಚಗಿತ್ತು. ಉತ್ತರದ ಖಂಡಗಳ ನಡುವೆ ನೆಲದ ಹಾದಿಗಳೂ ಇದ್ದುವು. ಈ ಪುಟ್ಟ ರೆಕ್ಕೆಯಿಂದ ಸಾಗರವನ್ನು ದಾಟುವುದು ಆಗದ ಮಾತು. ತಲೆಮಾರಿನಿಂದ ತಲೆಮಾರಿಗೆ, ಕೆಲವು ಮಾರುಗಳಷ್ಟೇ ಮುಂದೆ ಸರಿಯುತ್ತ ಕಾಡು ನಡೆಯಿತೆನ್ನಬೇಕು. ಮುಂದೆ ಹವೆ ತಣ್ಣಗಾಗುತ್ತ ಹೋದ ಯುಗಗಳಲ್ಲಿ ಯೂರೋಪು, ಅಮೆರಿಕಗಳಿಂದ ಈ ಮರಗಳು ಮರೆಯಾದುವು.

1784ರಲ್ಲಿ ಫಿಲಡೆಲ್ಫಿಯದ ವಿಲಿಯಂ ಹ್ಯಾಮಿಲ್ಟನ್ ಎಂಬಾತನು ಚೀನದ ಅಯ್ಲಾಂಥಸ್ ಮರವನ್ನು ಅಲಂಕಾರಕ್ಕೆಂದು ತನ್ನ ತೋಟಕ್ಕೆ ತರಿಸಿದನು. ಅದು ಅಲ್ಲಿಂದ ಹಬ್ಬಿತು. ತನ್ನ ಕುಲದ ಹಿರಿಯರು ಕಲ್ಲಾಗಿ ಮಲಗಿರುವ ಆ ನಾಡಿನಲ್ಲಿ ಅದನ್ನು ಈಗ ಪರದೇಶಿ ಕಳೆಯೆಂದು ಕಿತ್ತುಹಾಕುತ್ತಿದ್ದಾರೆ.