ಮನಸ್ಸಿನ ತಾಪವೂ ಕಣ್ಣಿನ ಶುಷ್ಕತೆಯೂ

ದುಃಖ ಬಂದರೆ ಕಣ್ಣು ತೇವವಾಗುವುದು ಲೋಕಾನುಭವ. ಅದೇ ದುಃಖವು ಬಹುಕಾಲ ಮನಸ್ಸಿನಲ್ಲಿ ನೆಲೆನಿಂತರೆ ಕಣ್ಣು ಒಣಗುವುದೂ ಉಂಟೆಂದರೆ ವಾಚಕರಿಗೆ ವಿಪರೀತವಾಗಿ ತೋರಬಹುದು. ಸುಶ್ರುತಸಂಹಿತೆಯ ಉತ್ತರತಂತ್ರವನ್ನು ನೋಡಿದವರಿಗೆ ಇದು ಕೇವಲ ಹೊಸ ಮಾತಲ್ಲ. ನೇತ್ರರೋಗಗಳನ್ನು 76 ಎಂದು ಎಣಿಸುವ ಆ ಗ್ರಂಥವು ಅವುಗಳಿಗೆ ಕಾರಣಗಳನ್ನು ಹೇಳುವಾಗ, ಹೊಗೆ, ಬೆವರು, ಸೂಕ್ಷ್ಮವಸ್ತುಗಳ ನಿರೀಕ್ಷಣೆ ಇವುಗಳ ಸಾಲಿನಲ್ಲಿಯೇ ಕೋಪ, ಶೋಕ, ಕ್ಲೇಶ, ನಿದ್ರೆಯ ವ್ಯತ್ಯಾಸ, ಎಡೆಬಿಡದ ಅಳು ಇವನ್ನೂ ಸೇರಿಸುತ್ತದೆ. ಬರುವ ಕಣ್ಣೀರನ್ನು ತಡೆಹಿಡಿಯುವುದನ್ನೂ ಬಿಟ್ಟಿಲ್ಲ. ಶುಷ್ಕಾಕ್ಷಿಪಾಕವೆಂಬ ವ್ಯಾಧಿಯೂ ಅಲ್ಲಿ ಉಕ್ತವಾಗಿದೆ. ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಆ ಚಪಲ ಸಂಸ್ಕೃತ ಓದಿದ ನಮ್ಮಂಥವರಲ್ಲಿ ಬೇಕಾದಷ್ಟಿದೆ. ಕಣ್ಣಿನ ಬೇನೆಗೆ ಕಾರಣ ಹುಡುಕುತ್ತ ಅವರು ಮನಸ್ಸಿನವರೆಗೂ ಹೋದರೆಂಬುದಷ್ಟೇ ಇಲ್ಲಿ ಗಮನಿಸತಕ್ಕದ್ದು.

ಕಣ್ಣೀರೆಲ್ಲ ಒಂದೇ ಬಗೆಯದಲ್ಲ. ಅಳುವಾಗ ಉಕ್ಕುವ ನೀರು ಬೇರೆ, ಹಗಲೆಲ್ಲ ಕಣ್ಣಿನ ಮೇಲೆ ತೆಳುಪೊರೆಯಾಗಿ ಹರಡಿರುವ ತೇವ ಬೇರೆ. ಈ ಪೊರೆಯಲ್ಲಿ ನೀರಿನೊಡನೆ ಲೋಳೆಯೂ, ನೀರು ಆವಿಯಾಗದಂತೆ ಮೇಲೆ ಮುಚ್ಚಿರುವ ಎಣ್ಣೆಯ ಪದರವೂ ಇರುತ್ತವೆ. ರೆಪ್ಪೆ ಬಡಿದಾಗಲೆಲ್ಲ ಇದು ಹೊಸದಾಗುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ಬಡಿಯುವ ರೆಪ್ಪೆಯು, ಪುಸ್ತಕದಲ್ಲಿಯೋ ಮೊಬೈಲಿನಲ್ಲಿಯೋ ದೃಷ್ಟಿ ನೆಟ್ಟಾಗ ಬಹಳ ಕಡಿಮೆ ಬಡಿಯುತ್ತದೆ.

ಇನ್ನು ಮನಸ್ಸಿನ ಪ್ರವೇಶ. ಭಯದಲ್ಲಿ ಬಾಯಿ ಒಣಗುವುದನ್ನು ಎಲ್ಲರೂ ಬಲ್ಲರು. ಜೊಲ್ಲನ್ನು ಒಸರಿಸುವ ನರವರ್ಗವೇ ಕಣ್ಣೀರಿನ ಗ್ರಂಥಿಯನ್ನೂ ಪ್ರೇರಿಸುವುದು. ಅದು ನಮ್ಮ ಇಚ್ಛೆಗೆ ಒಳಪಟ್ಟದ್ದಲ್ಲ. ಚಿಂತೆಯು ನಿದ್ದೆಯನ್ನು ಕೆಡಿಸುತ್ತದೆ. ನಿದ್ದೆಗೇಡು ಕಣ್ಣಿನ ತೇವವನ್ನು ಕುಗ್ಗಿಸುತ್ತದೆ. ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್‌ನಂತಹ ಕೆಲವು ಮಾತ್ರೆಗಳೂ ಒಣಗಿಸುವಂಥವೇ. ಹಾಗೆಂದು ಅವನ್ನು ತಾವಾಗಿ ನಿಲ್ಲಿಸಕೂಡದು, ಕೊಟ್ಟ ವೈದ್ಯರಿಗೆ ತಿಳಿಸಬೇಕು. ಮತ್ತೊಂದು ವಿಚಾರವುಂಟು. ಕಣ್ಣಿನ ಕರಿಯ ಭಾಗವನ್ನು ಮುಚ್ಚಿರುವ ಪಾರದರ್ಶಕ ಪಟಲದಲ್ಲಿ ನರತಂತುಗಳು ಅತ್ಯಂತ ದಟ್ಟವಾಗಿವೆ. ವ್ಯಾಕುಲಚಿತ್ತರಿಗೆ ಅಲ್ಲಿಯ ಅಲ್ಪ ಉರಿಯೂ ಮಹತ್ತಾಗಿ ತೋರುತ್ತದೆ. 1903ರಿಂದ ಬಳಕೆಯಲ್ಲಿರುವ ಷಿರ್ಮರನ ಪರೀಕ್ಷೆಯಲ್ಲಿ, ಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ 5 ನಿಮಿಷಗಳಲ್ಲಿ ಎಷ್ಟು ನೆನೆಯಿತೆಂದು ಅಳೆಯುತ್ತಾರೆ. ಪಟ್ಟಿ ಚೆನ್ನಾಗಿ ನೆನೆದರೂ ನರಳುವವರಿದ್ದಾರೆ. ಅವರದು ನಟನೆಯಲ್ಲ.

ನಮ್ಮ ಬೀದಿಯ ಒಬ್ಬ ತಾಯಿಯವರು, ಪತಿಯ ದೀರ್ಘವ್ಯಾಧಿಯಲ್ಲಿ ತಿಂಗಳುಗಟ್ಟಲೆ ನಿದ್ದೆಗೆಟ್ಟವರು, ಕಣ್ಣಿನಲ್ಲಿ ಮರಳು ಬಿದ್ದಂತಿದೆಯೆಂದರೆ, “ನೀರು ಸುರಿಯುತ್ತಿದೆಯಲ್ಲಮ್ಮ, ಒಣಗುವುದೆಲ್ಲಿ ಬಂತು?” ಎಂದು ಮಕ್ಕಳು ನಕ್ಕರಂತೆ. ಒಣಗಿದ ಕಣ್ಣು ಉರಿಯನ್ನು ತಾಳಲಾರದೆ ಒಮ್ಮೆಗೇ ನೀರು ಸುರಿಸುವುದುಂಟು. ಅದು ಕೆನ್ನೆಗೆ ಹರಿದುಹೋಗುವುದೇ ಹೊರತು ಪೊರೆಯಾಗಿ ನಿಲ್ಲುವುದಿಲ್ಲ.

ಇಂಥ ಕಣ್ಣಿಗೆ ಜೇನು, ಹರಳೆಣ್ಣೆ, ಎದೆಹಾಲು ಮೊದಲಾದವನ್ನು ಮನೆಯಲ್ಲಿ ಹಾಕತಕ್ಕದ್ದಲ್ಲ. ಕಣ್ಣಿನ ಡಾಕ್ಟರಲ್ಲಿಗೆ ಹೋಗಬೇಕು. ಬಾಯಿಯೂ ಒಣಗಿ ಕೀಲುನೋವಿದ್ದರೆ ಅದನ್ನು ಮರೆಯದೆ ಹೇಳಬೇಕು. 1933ರಲ್ಲಿ ಸ್ವೀಡನ್ನಿನ ಕಣ್ಣಿನ ವೈದ್ಯ ಷೋಗ್ರೆನ್ ವಿವರಿಸಿದ ವ್ಯಾಧಿ ಅದಾಗಿರಬಹುದು, ಅದಕ್ಕೆ ಚಿಕಿತ್ಸೆ ಬೇರೆ. ಮನಸ್ಸಿನ ಭಾರವನ್ನು ಹೇಳಲು ಸಂಕೋಚಪಡುವವರ ಪರವಾಗಿ ಜೊತೆಗೆ ಹೋದವರು ಆ ಮಾತನ್ನು ಎತ್ತುವುದೊಳ್ಳೆಯದು. ಆ ತಾಯಿಯವರಿಗೆ ಡಾಕ್ಟರು ಹನಿಯನ್ನೂ ರೆಪ್ಪೆಗೆ ಬಿಸಿಬಟ್ಟೆಯ ಶಾಖವನ್ನೂ ವಿಧಿಸಿ, ರಾತ್ರಿ ರೋಗಿಯ ಬಳಿ ಕೂರುವವರು ಯಾರೆಂದು ಕೇಳಿದರಂತೆ. ಈಗ ಮಕ್ಕಳು ಸರದಿಯಂತೆ ಕೂರುತ್ತಾರೆ.