ಜಠರದ ಹುಣ್ಣೂ ಬಿಸ್ಮತ್ ಲೋಹವೂ



ಊರು ಬಿಟ್ಟು ಮುಂಬಯಿಗೆ ಬಂದ ಹೊಸತರಲ್ಲಿ, ಖಾನಾವಳಿಯಲ್ಲಿ ಉಂಡು ಹೊಟ್ಟೆ ಉರಿದಾಗಲೆಲ್ಲ ನಾವು ಮೆಣಸಿನಕಾಯಿಯನ್ನೇ ದೂರುತ್ತಿದ್ದೆವು. ಜಠರದ ಹುಣ್ಣಿಗೆ ಖಾರ, ಚಿಂತೆ, ಅತಿಯಾದ ಆಮ್ಲ ಇವೇ ಕಾರಣವೆಂದು ವೈದ್ಯರೂ ಬಹುಕಾಲ ನಂಬಿದ್ದರು. ಜಠರದ ಹೈಡ್ರೋಕ್ಲೋರಿಕ್ ಆಮ್ಲವು ಬಲು ತೀಕ್ಷ್ಣವಾದುದು; ಅದರಲ್ಲಿ ಯಾವ ರೋಗಾಣು ತಾನೇ ನೆಲೆಸೀತು ಎಂಬುದು ಅವರ ವಾದವಾಗಿತ್ತು.

ಆಸ್ಟ್ರೇಲಿಯದ ಪರ್ತ್ ನಗರದ ವೈದ್ಯರಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಇದನ್ನು ಒಪ್ಪಲಿಲ್ಲ. ರೋಗಿಗಳ ಜಠರದ ಒಳಪೊರೆಯಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಗಳನ್ನು ಅವರು ಕಂಡಿದ್ದರು. ಆದರೆ ಅವನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಯತ್ನ ಫಲಿಸಿರಲಿಲ್ಲ. 1982ರ ಈಸ್ಟರ್ ರಜೆಯಲ್ಲಿ, ಎರಡು ದಿನಗಳಲ್ಲಿ ಎಸೆಯುತ್ತಿದ್ದ ತಟ್ಟೆಗಳು ಐದು ದಿನ ಹಾಗೆಯೇ ಉಳಿದವು. ಅವುಗಳಲ್ಲಿ ಆ ಜೀವಿ ಬೆಳೆದಿತ್ತು! 1984ರಲ್ಲಿ ಮಾರ್ಷಲ್ ತಮ್ಮ ಮೇಲೆಯೇ ಪ್ರಯೋಗ ಮಾಡಿ ಅದನ್ನು ಕುಡಿದರು. ಕೆಲವೇ ದಿನಗಳಲ್ಲಿ ವಾಂತಿಯಾಗಿ ಜಠರದಲ್ಲಿ ಉರಿಯೂತ ಕಾಣಿಸಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಆ ಜೀವಿಯೇ ಹೆಲಿಕೋಬ್ಯಾಕ್ಟರ್ ಪೈಲೊರಿ.

ಆಮ್ಲದ ನಡುವೆ ಅದು ಬದುಕುವುದೆಂತು? ಯೂರಿಯೇಸ್ ಎಂಬ ಕಿಣ್ವದಿಂದ ಅದು ಯೂರಿಯಾವನ್ನು ಒಡೆದು ಅಮೋನಿಯಾ ಉತ್ಪತ್ತಿ ಮಾಡುತ್ತದೆ; ಅಮೋನಿಯಾ ಸುತ್ತಲಿನ ಆಮ್ಲದ ತೀಕ್ಷ್ಣತೆಯನ್ನು ತಗ್ಗಿಸುತ್ತದೆ. ಈ ಕಿಣ್ವದಲ್ಲಿ ನಿಕ್ಕಲ್ ಲೋಹದ ಪರಮಾಣುಗಳಿವೆ.

ಲೋಹವನ್ನು ಆಶ್ರಯಿಸಿದ ಈ ಜೀವಿಗೆ ಮತ್ತೊಂದು ಲೋಹವೇ ಶತ್ರು. ಅದೇ ಬಿಸ್ಮತ್; ಪರಮಾಣು ಸಂಖ್ಯೆ 83. ಧಾತುಗಳ ಪಟ್ಟಿಯಲ್ಲಿ ಸೀಸದ ನೆರೆಯಲ್ಲಿದ್ದರೂ ಸೀಸದಷ್ಟು ವಿಷಕರವಲ್ಲ. ಯುರೋಪಿನ ವೈದ್ಯರು 18ನೆಯ ಶತಮಾನದಲ್ಲಿಯೇ ಇದರ ಲವಣಗಳನ್ನು ಹೊಟ್ಟೆಯ ಬೇನೆಗೆ ಕೊಡುತ್ತಿದ್ದರು. ರೋಗಾಣುವಿನ ಸಂಗತಿ ಅವರಿಗೆ ತಿಳಿದಿರಲಿಲ್ಲ. ಬಿಸ್ಮತ್ ರೋಗಾಣುವಿನ ಪ್ರೋಟೀನುಗಳಲ್ಲಿಯ ಗಂಧಕಕ್ಕೆ ಅಂಟಿಕೊಂಡು ಕಿಣ್ವಗಳ ಕಾರ್ಯವನ್ನು ಕೆಡಿಸುತ್ತದೆ. ಹುಣ್ಣಿನ ಮೇಲೆ ಪೊರೆಯಂತೆ ಕವಿಯುತ್ತದೆ. ಈ ಔಷಧವನ್ನು ಸೇವಿಸಿದವರ ನಾಲಗೆ ಕಪ್ಪಾಗುವುದುಂಟು. ಬಿಸ್ಮತ್ ಗಂಧಕದೊಡನೆ ಕೂಡಿ ಕರಿಯ ಬಿಸ್ಮತ್ ಸಲ್ಫೈಡ್ ಆಗುವುದೇ ಇದಕ್ಕೆ ಕಾರಣ.

ಆದರೆ ಬಿಸ್ಮತ್ ಒಂದೇ ಸಾಲದು. ಎರಡು ಪ್ರತಿಜೈವಿಕ ಔಷಧಗಳನ್ನೂ ಆಮ್ಲವನ್ನು ತಗ್ಗಿಸುವ ಇನ್ನೊಂದನ್ನೂ ಕೂಡಿಸಿ ವೈದ್ಯರು 10ರಿಂದ 14 ದಿನ ಕೊಡುತ್ತಾರೆ. ಪ್ರತಿಜೈವಿಕಗಳನ್ನು ಎದುರಿಸಿ ನಿಲ್ಲುವ ಶಕ್ತಿಯನ್ನು ಈ ರೋಗಾಣು ಅನೇಕ ಕಡೆ ಪಡೆದಿದೆ. ಬಿಸ್ಮತ್ತನ್ನು ಎದುರಿಸುವುದು ಮಾತ್ರ ವಿರಳ. ಹಳೆಯ ಲೋಹಕ್ಕೆ ಮತ್ತೆ ಬೆಲೆ ಬಂದುದು ಇದರಿಂದಲೇ.

ಹಾಗೆಂದು ಇದನ್ನು ಮನಬಂದಂತೆ ನುಂಗಲಾಗದು. 1970ರ ದಶಕದಲ್ಲಿ ಫ್ರಾನ್ಸಿನಲ್ಲಿ ಬಹುದಿನ ಸೇವಿಸಿದ ಹಲವರ ಮಿದುಳಿಗೆ ಹಾನಿಯಾಯಿತು. ಹೊಟ್ಟೆನೋವು ಹಟ ಹಿಡಿದರೆ ಮನೆಯ ಹಿರಿಯರನ್ನು ವೈದ್ಯರ ಬಳಿ ಕರೆದೊಯ್ಯಿರಿ. ನೋವು ನಿಂತಿತೆಂದು ಮಾತ್ರೆಗಳನ್ನು ಅರ್ಧಕ್ಕೆ ಬಿಡಲು ಬಿಡಬೇಡಿರಿ. ಮೆಣಸಿನಕಾಯಿಯನ್ನು ದೂರುವ ಮುನ್ನ ಕಾರಣವನ್ನು ಪರೀಕ್ಷಿಸಿ ನೋಡುವುದನ್ನು ನಾವೂ ಈಗ ಕಲಿತಿದ್ದೇವೆ.